ಮ್ಯಾಕ್ ಅಡ್ರೆಸ್ಸನ್ನು ಕೋಡ್‌ನಲ್ಲಿ ಬರೆಯಬೇಡಿ

ನಮಸ್ಕಾರ. ಕಲಬುರಗಿಯಲ್ಲಿ ಸ್ವಂತ ಎಲೆಕ್ಟ್ರಾನಿಕ್ ಬೋರ್ಡ್ ಮಾಡಿ ಮಾರಬೇಕು ಅಂತಿರುವ ಹುಡುಗ ಹುಡುಗಿಯರಿಗೆ ಇವತ್ತಿನ ಮಾತು. ಮ್ಯಾಕ್ ಅಡ್ರೆಸ್ ಅಂದರೆ ನೆಟ್‌ವರ್ಕ್‌ನಲ್ಲಿ ಪ್ರತಿ ಸಾಧನವನ್ನು ಗುರುತಿಸುವ ನಂಬರ್. ಅದನ್ನು ದಯವಿಟ್ಟು ಕೋಡ್ ಒಳಗೆ ಬರೆದು ಬಿಡಬೇಡಿ.

ದಾಲ್ ಮಿಲ್ ಗೋದಾಮಿನಲ್ಲಿ ತೊಗರಿಯ ತೇವ ನೋಡಲು ಬೋರ್ಡ್ ಕೂರಿಸುತ್ತೀರಿ ಅಂದುಕೊಳ್ಳಿ. ನೆಟ್‌ವರ್ಕ್ ಕೇಬಲ್ ಜೋಡಿಸಲು ಡಬ್ಲ್ಯೂ5500 ಅನ್ನುವ ಚಿಪ್ ಹಾಕುತ್ತೀರಿ. ಅದು ಫ್ಯಾಕ್ಟರಿಯಿಂದ ಅಡ್ರೆಸ್ ತರುವುದಿಲ್ಲ, ನಾವೇ ಕೊಡಬೇಕು. ಕಲಿಯುವವರು ಬಳಸುವ ಆರ್ಡುಯಿನೋ ಬೋರ್ಡ್‌ನ ಉದಾಹರಣೆ ಕೋಡ್‌ನಲ್ಲಿ ಡಿಇ-ಎಡಿ-ಬಿಇ-ಇಎಫ್-ಎಫ್‌ಇ-ಇಡಿ ಅಂತ ಇರುತ್ತದಲ್ಲ, ಬಹಳ ಜನ ಅದನ್ನೇ ಉಳಿಸಿಕೊಳ್ಳುತ್ತಾರೆ. ಒಂದೇ ಬೋರ್ಡ್ ಇರುವ ತನಕ ಏನೂ ಗೊತ್ತಾಗುವುದಿಲ್ಲ. ಎರಡನೆಯದು ಅದೇ ಸ್ವಿಚ್‌ಗೆ, ಅಂದರೆ ಕೇಬಲ್‌ಗಳೆಲ್ಲ ಸೇರುವ ನೆಟ್‌ವರ್ಕ್ ಪೆಟ್ಟಿಗೆಗೆ, ಬಂದ ದಿನ ರಗಳೆ ಶುರು. ಈ ಅಡ್ರೆಸ್ ಯಾವ ಪೋರ್ಟ್‌ನಲ್ಲಿದೆ ಅಂತ ಸ್ವಿಚ್ ನೆನಪಿಟ್ಟುಕೊಳ್ಳುತ್ತದೆ. ಈಗ ಮೂರನೇ ಪೋರ್ಟ್, ಮರುಕ್ಷಣ ಏಳನೇ ಪೋರ್ಟ್. ಒಂದಕ್ಕೆ ಬರಬೇಕಾದ ಡೇಟಾ ಇನ್ನೊಂದಕ್ಕೆ ಹೋಗುತ್ತದೆ. ನೆಟ್‌ವರ್ಕ್‌ನಲ್ಲಿ ಐಪಿ ನಂಬರ್ ಹಂಚುವ ಡಿಎಚ್‌ಸಿಪಿ ಎರಡಕ್ಕೂ ಒಂದೇ ಐಪಿ ಕೊಡುತ್ತದೆ. ಒಂದನ್ನು ಆಫ್ ಮಾಡಿದರೆ ಇನ್ನೊಂದು ನೆಟ್ಟಗೆ ನಡೆಯುತ್ತದೆ. ಹಾಗಾಗಿ ಎಲ್ಲರೂ ಸುಮ್ನೆ ಕೇಬಲ್ ಬದಲಾಯಿಸುತ್ತಾ ಕೂರುತ್ತಾರೆ.

ಅಡ್ರೆಸ್ ಅಂದರೆ 48 ಬಿಟ್, ಆರು ಬೈಟ್. ನಮ್ಮ ಗಾಡಿಗೆ ಕೆಎ-32 ಬಂದ ಹಾಗೆ ಮೊದಲ ಮೂರು ಬೈಟ್ ಐಇಇಇ ಅನ್ನುವ ಮಾನದಂಡ ಸಂಸ್ಥೆ ಕೊಡುತ್ತದೆ, ಉಳಿದದ್ದನ್ನು ತಯಾರಕರು ಹಂಚುತ್ತಾರೆ. ಐಇಇಇಯಿಂದ ಪಡೆಯುವ ಇಡೀ ಬ್ಲಾಕ್‌ನಲ್ಲಿ 1.67 ಕೋಟಿಗೂ ಜಾಸ್ತಿ ಅಡ್ರೆಸ್. ಸಣ್ಣ ಬ್ಲಾಕ್‌ನಲ್ಲಿ 4,096. ಐವತ್ತು ಬೋರ್ಡ್ ಮಾಡುವವರಿಗೆ ಇದೂ ಬೇಡ.

ನನ್ನ ಪ್ರಕಾರ ಅವರಿಗೆ ಸರಿಯಾದ ದಾರಿ ಮೈಕ್ರೋಚಿಪ್‌ನ 24ಎಎ02ಇ48. ಅದೊಂದು ಪುಟ್ಟ ಈಪ್ರಾಮ್, ಅಂದರೆ ಕರೆಂಟ್ ಹೋದರೂ ಮರೆಯದ ಮೆಮೊರಿ ಚಿಪ್. ಕೊಂಡಾಗಲೇ ಒಳಗೆ ಬೇರೆ ಯಾರಿಗೂ ಇಲ್ಲದ ಅಡ್ರೆಸ್ ಇರುತ್ತದೆ. 256 ಬೈಟ್‌ನಲ್ಲಿ ಕೊನೆಯ ಆರನ್ನು ಐ2ಸಿ ಅನ್ನುವ ಎರಡು ತಂತಿಯ ಸಂಪರ್ಕದ ಮೇಲೆ ಓದಿದರೆ ಸಾಕು. ಆ ಆರು ಬೈಟ್ ಇರುವ ಮೇಲಿನ ಅರ್ಧ ಲಾಕ್ ಆಗಿದೆ, ಅಳಿಸಲು ಬರುವುದಿಲ್ಲ. ಕೆಳಗಿನ 128 ಬೈಟ್ ನಿಮ್ಮದು, ಸೆನ್ಸರ್ ಕ್ಯಾಲಿಬ್ರೇಶನ್ ಅಲ್ಲೇ ಇಡಿ. ಬೋರ್ಡ್ ನಡೆಸುವ ಮೈಕ್ರೋಕಂಟ್ರೋಲರ್ ಚಿಪ್‌ನ ಫ್ಲಾಶ್ ಮೆಮೊರಿಯಲ್ಲಿ ಅಡ್ರೆಸ್ ಇಟ್ಟರೆ ಫುಲ್ ಇರೇಸ್ ಕೊಟ್ಟ ದಿನ ಅದೂ ಹೋಗುತ್ತದೆ. ರಿಪೇರಿಗೆ ಬಂದ ಬೋರ್ಡ್‌ಗೆ ಯಾರು ಇರೇಸ್ ಕೊಡುವುದಿಲ್ಲ ಹೇಳಿ?

ಇಎಸ್‌ಪಿ32 ಅನ್ನುವ ವೈಫೈ ಚಿಪ್ ಬಳಸುವವರಿಗೆ ಈ ಚಿಂತೆಯಿಲ್ಲ. ಫ್ಯಾಕ್ಟರಿಯಲ್ಲೇ ಇ-ಫ್ಯೂಸ್‌ನಲ್ಲಿ, ಅಂದರೆ ಒಮ್ಮೆ ಬರೆದರೆ ಅಳಿಸಲು ಬರದ ಜಾಗದಲ್ಲಿ, ಅಡ್ರೆಸ್ ಬರೆದಿರುತ್ತಾರೆ.

ಕಾಲೇಜು ಪ್ರಾಜೆಕ್ಟ್ ಆದರೆ ಮೊದಲ ಬೈಟ್ 02 ಇಟ್ಟು, ಉಳಿದದ್ದನ್ನು ಎಸ್‌ಟಿಎಂ32 ಮೈಕ್ರೋಕಂಟ್ರೋಲರ್ ಒಳಗಿನ 96 ಬಿಟ್ ಐಡಿಯಿಂದ ಮಾಡಿಕೊಳ್ಳಿ. ಸ್ವಂತ ನೆಟ್‌ವರ್ಕ್ ಒಳಗೆ ಬಳಸಲು 02 ಗೆ ಅನುಮತಿ ಇದೆ. ಆದರೆ ದುಡ್ಡು ತೆಗೆದುಕೊಂಡು ಮಾರುವ ಮಾಲಿಗೆ ಇದನ್ನು ನಾನು ಒಪ್ಪುವುದಿಲ್ಲ. ಆ ಬೋರ್ಡ್ ಯಾರ ನೆಟ್‌ವರ್ಕ್‌ಗೆ ಹೋಗಿ ಸೇರುತ್ತದೋ ನಿಮ್ಮ ಕೈಯಲ್ಲಿಲ್ಲ, ಅಲ್ವಾ?

ಬೋರ್ಡ್ ಕೊಳ್ಳುವ ಮಿಲ್ ಮಾಲೀಕರೇ, ನೀವೂ ಒಂದು ಕೆಲಸ ಮಾಡಿ. ದುಡ್ಡು ಕೊಡುವ ಮುಂಚೆ ಎರಡು ಬೋರ್ಡ್ ಒಂದೇ ಸ್ವಿಚ್‌ಗೆ ಹಾಕಿ ನಡೆಸಿ ತೋರಿಸಿ ಅಂತ ಕೇಳಿ.