ಅಂಡಮಾನ್ ಹನಿಮೂನ್ ಪ್ಲಾನ್: ಹೋಟೆಲ್ ಆಮೇಲೆ, ಮೊದ್ಲು ಫೆರಿ ನೋಡಿ

ಎಲ್ರಿಗೂ ನಮಸ್ಕಾರ. ಮದುವೆ ಫಿಕ್ಸ್ ಆಯ್ತು, ಛತ್ರ ಬುಕ್ ಆಯ್ತು, ಈಗ ರಾತ್ರಿ ಕೂತ್ಕೊಂಡು ಇಬ್ರೂ ಒಬ್ರಿಗೊಬ್ರು ರೀಲ್ಸ್ ಕಳಿಸ್ಕೊಳ್ತಿದೀರ, ಒಬ್ರು ಮಾಲ್ಡೀವ್ಸ್ ಅಂತಾರೆ, ಇನ್ನೊಬ್ರು ಬಾಲಿ ಅಂತಾರೆ, ಕೊನೆಗೆ ರೇಟ್ ನೋಡ್ಬಿಟ್ಟು ಇಬ್ರೂ ಅಂಡಮಾನ್‌ಗೆ ಬಂದು ನಿಲ್ತೀರ. ಬೇಜಾರ್ ಮಾಡ್ಕೊಳೋದೇನೂ ಬೇಡ, ಜಾಗ ಚೆನ್ನಾಗಿದೆ. ಪಾಸ್‌ಪೋರ್ಟ್ ಬೇಡ, ಲಕ್ಷದ್ವೀಪದ ಥರ ಮುಂಚೆನೇ ಪರ್ಮಿಟ್ ತಗೊಳೋದೂ ಬೇಡ, ಬೆಂಗಳೂರಿಂದ ಡೈರೆಕ್ಟ್ ಫ್ಲೈಟ್ ಸಿಕ್ಕಿದ್ರೆ ಎರಡೂವರೆ ಗಂಟೆ ಆಸುಪಾಸು ಅಷ್ಟೇ. ಆದ್ರೆ ಗೋವಾಗೆ ಪ್ಲಾನ್ ಮಾಡ್ದಂಗೆ ಇದನ್ನ ಮಾಡಿದ್ರೆ ಕೆಡುತ್ತೆ. ಯಾಕಂದ್ರೆ ಅಲ್ಲಿ ನಿಮ್ಮ ದಿನ ಹೆಂಗಿರ್ಬೇಕು ಅಂತ ಡಿಸೈಡ್ ಮಾಡೋದು ನೀವಲ್ಲ, ಸಮುದ್ರ.

ಮೊದ್ಲು ತಿಂಗಳು ನೋಡೋಣ, ಇಲ್ಲೇ ನಮ್ಮೋರು ಸಿಕ್ಕಾಕೊಳೋದು. ವೈಶಾಖದಲ್ಲಿ ಮದುವೆ ಜಾಸ್ತಿ, ಅಂದ್ರೆ ಏಪ್ರಿಲ್-ಮೇ. ಮದುವೆ, ಬೀಗರೂಟ, ನೆಂಟರ ಮನೆ ಊಟ ಎಲ್ಲಾ ಮುಗಿಸ್ಕೊಂಡು ಮೇ ಕೊನೆಗೆ ಹೋಗೋಣ ಅಂತೀರ, ಮಳೆ ಹೆಂಗಿದ್ರೂ ಜೂನ್‌ಗಲ್ವಾ ಅಂತ. ಇಲ್ಲ ಸ್ವಾಮಿ, ಮುಂಗಾರು ಕೇರಳಕ್ಕೆ ಬರೋಕಿಂತ ಮುಂಚೆ ಅಂಡಮಾನ್‌ಗೆ ಹೋಗುತ್ತೆ, ಸಾಮಾನ್ಯವಾಗಿ ಮೇ 20ರ ಹೊತ್ತಿಗೆಲ್ಲಾ ಅಲ್ಲಿ ಶುರುವಾಗಿರುತ್ತೆ. ಆಮೇಲೆ ಜೂನ್-ಜುಲೈ ಪೂರ್ತಿ ಸಮುದ್ರ ರಫ್. (ಆಷಾಢಕ್ಕೆ ಹುಡುಗಿ ಹೆಂಗಿದ್ರೂ ತವರಿಗೆ ಹೋಗಿರ್ತಾಳೆ, ಅಲ್ಲಿಗೆ ಲೆಕ್ಕ ಸರಿಹೋಯ್ತು ಬಿಡಿ.) ಕಾರ್ತಿಕದ ಮದುವೆ ಅಂದ್ರೆ ನವೆಂಬರ್, ಆಗ ಹಿಂಗಾರು ಮಳೆ, ಜೊತೆಗೆ ಬಂಗಾಳ ಕೊಲ್ಲಿ ಸೈಕ್ಲೋನ್ ಸೀಸನ್. ನನ್ನ ಕೇಳಿದ್ರೆ ಜನವರಿ ಮಧ್ಯದಿಂದ ಏಪ್ರಿಲ್ ಒಳಗೆ ಹೋಗಿ, ಅದ್ರಲ್ಲೂ ಫೆಬ್ರವರಿ-ಮಾರ್ಚಲ್ಲಿ ನೀರು ಶಾಂತವಾಗಿರುತ್ತೆ. ಡಿಸೆಂಬರ್ ಕೊನೆ ವಾರ ಬೇಡ, ರಶ್ಶೂ ಜಾಸ್ತಿ, ರೇಟೂ ಜಾಸ್ತಿ. ಮದುವೆ ಮೇನಲ್ಲಿದ್ರೆ? ಹತ್ತಿರದಲ್ಲೇ ಎಲ್ಲಾದ್ರೂ ಮೂರು ದಿನ ಹೋಗ್ಬನ್ನಿ, ಇದನ್ನ ಫೆಬ್ರವರಿಗೆ ಇಟ್ಕೊಳ್ಳಿ. ಮದುವೆ ಆದ ವಾರಾನೇ ಹೋಗ್ಬೇಕು ಅಂತ ರೂಲ್ಸ್ ಏನಿಲ್ಲ.

[ಸ್ಕ್ರೀನ್ ಮೇಲೆ ಮ್ಯಾಪ್]

ನೋಡಿ ಇದು ಪೋರ್ಟ್ ಬ್ಲೇರ್, ಫ್ಲೈಟ್ ಇಳಿಯೋದು ಇಲ್ಲೇ. 2024 ಸೆಪ್ಟೆಂಬರಲ್ಲಿ ಇದಕ್ಕೆ ಶ್ರೀ ವಿಜಯಪುರಂ ಅಂತ ಹೆಸರು ಬದಲಾಯಿಸಿದಾರೆ, ಟಿಕೆಟ್ ಮೇಲೆ ಆ ಹೆಸರು ಕಂಡ್ರೆ ಗಾಬರಿ ಆಗ್ಬೇಡಿ. ನೀವು ರೀಲ್ಸಲ್ಲಿ ನೋಡಿದ ಬೀಚ್ ಇಲ್ಲಿಲ್ಲ, ಅದಿರೋದು ಹ್ಯಾವ್ಲಾಕಲ್ಲಿ, ಅಂದ್ರೆ ಈಗಿನ ಸ್ವರಾಜ್ ದ್ವೀಪ್, ಪಕ್ಕದಲ್ಲಿ ನೀಲ್, ಈಗ ಶಹೀದ್ ದ್ವೀಪ್, ಇವೆರಡಕ್ಕೂ 2018ರಲ್ಲೇ ಹೆಸರು ಬದಲಾಗಿದೆ, ಅಲ್ಲಿ ಜನ ಮಾತಾಡ್ವಾಗ ಇನ್ನೂ ಹ್ಯಾವ್ಲಾಕ್, ನೀಲ್ ಅಂತಾನೇ ಅಂತಾರೆ. ಈ ಮೂರೂ ಜಾಗದ ಮಧ್ಯೆ ಹೆಚ್ಚಿನೋರು ಓಡಾಡೋದು ಫೆರಿಲಿ, ಅಂದ್ರೆ ಜನರನ್ನ ಸಾಗಿಸೋ ಹಡಗಲ್ಲಿ. ಪ್ರೈವೇಟ್ ಫೆರಿಲಿ ಹ್ಯಾವ್ಲಾಕ್‌ಗೆ ಒಂದೂವರೆ ಗಂಟೆ, ಸರ್ಕಾರಿ ಫೆರಿಲಿ ಎರಡೂವರೆ ಗಂಟೆ ಹಿಡ್ಕೊಳ್ಳಿ, ಸರ್ಕಾರಿದ್ರಲ್ಲಿ ರೇಟು ತುಂಬಾ ಕಮ್ಮಿ, ಆದ್ರೆ ಟಿಕೆಟ್ ಸಿಗೋದು ಕಷ್ಟ. ಕತ್ತಲಾದ್ಮೇಲೆ ಟೂರಿಸ್ಟ್ ಫೆರಿ ಇಲ್ಲ. ಹಂಗಾಗಿ ಫ್ಲೈಟ್ ಡೇಟ್ ನೋಡಿ, ಅದಕ್ಕೆ ಹೊಂದೋ ಫೆರಿ ನೋಡಿ, ಆಮೇಲೆ ಹೋಟೆಲ್. ಉಲ್ಟಾ ಮಾಡಿದ್ರೆ ಹ್ಯಾವ್ಲಾಕಲ್ಲಿ ರೂಮ್‌ಗೆ ದುಡ್ಡು ಕಟ್ಟಿ ಪೋರ್ಟ್ ಬ್ಲೇರಲ್ಲಿ ಮಲಗ್ತೀರ.

ಅದೇ ಕಾರಣಕ್ಕೆ ಇಳಿದ ದಿನಾನೇ ಓಡೋಗಿ ಫೆರಿ ಹತ್ಬೇಡಿ, ಫ್ಲೈಟ್ ಒಂದು ಗಂಟೆ ಲೇಟಾದ್ರೆ ಪೂರ್ತಿ ಪ್ಲಾನ್ ಹೋಯ್ತು. ಮೊದಲ ರಾತ್ರಿ ಪೋರ್ಟ್ ಬ್ಲೇರಲ್ಲೇ ಇರಿ, ಸೆಲ್ಯುಲರ್ ಜೈಲ್ ನೋಡಿ. ಹನಿಮೂನ್‌ಗೆ ಬಂದು ಜೈಲಾ ಅಂತೀರ, ಗೊತ್ತು. 1906ರಲ್ಲಿ ಕಟ್ಟಿ ಮುಗಿಸಿದ್ದು, ಮಧ್ಯದ ಗೋಪುರದಿಂದ ಏಳು ವಿಂಗ್ ಇದ್ವು, ಈಗ ಉಳಿದಿರೋದು ಮೂರು, ಒಬ್ಬ ಕೈದಿ ಮುಖ ಇನ್ನೊಬ್ಬನಿಗೆ ಕಾಣ್ಬಾರ್ದು ಅನ್ನೋ ಹಂಗೆ ಕಟ್ಟಿದಾರೆ. ಒಳಗೆ ಹೋದ್ಮೇಲೆ ನೀವೇ ಸುಮ್ನಾಗ್ತೀರ.

ವಾಪಸ್ ಬರ್ವಾಗ್ಲೂ ಅಷ್ಟೇ, ಕೊನೆ ರಾತ್ರಿ ಪೋರ್ಟ್ ಬ್ಲೇರ್. ಗಾಳಿ ಜೋರಾದ್ರೆ ಫೆರಿ ಕ್ಯಾನ್ಸಲ್ ಮಾಡ್ತಾರೆ, ಆದ್ರೆ ನಿಮ್ಮ ಫ್ಲೈಟ್ ನಿಮಗೋಸ್ಕರ ಕಾಯಲ್ಲ. ಸೋ, ಪೋರ್ಟ್ ಬ್ಲೇರ್ ಒಂದು ರಾತ್ರಿ, ಹ್ಯಾವ್ಲಾಕ್ ಮೂರು, ನೀಲ್ ಒಂದು, ಮತ್ತೆ ಪೋರ್ಟ್ ಬ್ಲೇರ್ ಒಂದು. ಹ್ಯಾವ್ಲಾಕಿಂದ ನೇರ ನೀಲ್‌ಗೆ ಫೆರಿ ಇದೆ, ಅಲ್ಲಿಂದ ಪೋರ್ಟ್ ಬ್ಲೇರ್‌ಗೆ, ಹಂಗಾಗಿ ಬಂದ ದಾರಿಲೇ ಹಿಂದೆ ಹೋಗೋ ಕೆಲಸ ಇಲ್ಲ. ಘಾಟಿ ರಸ್ತೆಲಿ ವಾಂತಿ ಆಗೋರು ಹತ್ತೋಕೆ ಅರ್ಧ ಗಂಟೆ ಮುಂಚೆ ಮಾತ್ರೆ ತಗೊಂಡ್ಬಿಡಿ.

ಈಗ ಸೂರ್ಯನ ವಿಷ್ಯ, ಇದನ್ನ ಪ್ಯಾಕೇಜ್ ಮಾರೋರು ಹೇಳಲ್ಲ. ಬೆಂಗಳೂರು ಇರೋದು ಸುಮಾರು 77.5 ಡಿಗ್ರಿ ರೇಖಾಂಶದಲ್ಲಿ, ಹ್ಯಾವ್ಲಾಕ್ 93ರಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷ, ಅಂದ್ರೆ ಹತ್ತಹತ್ರ ಒಂದು ಗಂಟೆ ವ್ಯತ್ಯಾಸ, ಆದ್ರೆ ಗಡಿಯಾರ ಎರಡು ಕಡೆನೂ ಒಂದೇ. ಡಿಸೆಂಬರಲ್ಲಿ ಸಾಯಂಕಾಲ ಐದಕ್ಕೆಲ್ಲಾ ಸೂರ್ಯ ಮುಳುಗ್ತಾನೆ. ನೀವು ಊಟ ಮಾಡಿ ಒಂದು ನಿದ್ದೆ ತೆಗೆದು ಐದಕ್ಕೆ ಹೊರಟ್ರೆ ಹ್ಯಾವ್ಲಾಕಿನ ರಾಧಾನಗರ್ ಬೀಚಲ್ಲಿ ನೋಡೋದು ಕತ್ತಲೆನೇ. ರಾಧಾನಗರ್ ಪಶ್ಚಿಮಕ್ಕಿದೆ, ಸನ್‌ಸೆಟ್ ಅಲ್ಲೇ, ಮೂರೂವರೆಗೆಲ್ಲಾ ಹೋಗ್ಬಿಡಿ. 2004ರಲ್ಲಿ ಟೈಮ್ ಮ್ಯಾಗಜೀನ್ ಏಷ್ಯಾದ ಬೆಸ್ಟ್ ಬೀಚ್ ಅಂದಿತ್ತು, ಹೊಗಳಿಕೆ ಜಾಸ್ತಿ ಆಯ್ತು ಅನ್ಸಲ್ಲ ನಂಗೆ. ಬೆಳಿಗ್ಗೆ ಸನ್‌ರೈಸ್‌ಗೆ ಕಾಲಾಪತ್ಥರ್ ಬೀಚ್, ಅದು ಪೂರ್ವಕ್ಕೆ.

ಇನ್ನೊಂದು, ರೂಮ್ ಬುಕ್ ಮಾಡ್ವಾಗ "ಬೀಚ್ ರೆಸಾರ್ಟ್" ಅಂತ ಇದ್ರೆ ಯಾವ ಬೀಚ್ ಅಂತ ಕೇಳಿ. ಹೆಚ್ಚಿನ ರೆಸಾರ್ಟ್ ಪೂರ್ವದ ಕಡೆ ಇವೆ, ಅಲ್ಲಿ ನೀರು ಇಳಿದಾಗ ದೂರದವರೆಗೂ ಬರೀ ಕಲ್ಲು, ಹವಳ, ಈಜೋಕಾಗಲ್ಲ. ಫೋಟೋ ಎಲ್ಲಾ ನೀರು ತುಂಬಿರೋವಾಗ ತೆಗ್ದಿರೋದು.

ಸ್ಕೂಬಾ, ಅಂದ್ರೆ ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಕೊಂಡು ಸಮುದ್ರದೊಳಗೆ ಇಳಿಯೋದು, ಮಾಡ್ತೀರಾ? ಮಾಡಿ, ಈಜು ಬರ್ದಿದ್ರೂ ನಡೆಯುತ್ತೆ, ಹೊಸಬ್ರನ್ನ ಇನ್‌ಸ್ಟ್ರಕ್ಟರ್ ಹಿಡ್ಕೊಂಡೇ ಕರ್ಕೊಂಡ್ ಹೋಗ್ತಾರೆ, 12 ಮೀಟರ್‌ಗಿಂತ ಆಳಕ್ಕೆ ಇಳಿಸಲ್ಲ. ಆಸ್ತಮಾ, ಹಾರ್ಟ್, ಕಿವಿ ಸಮಸ್ಯೆ ಇದ್ರೆ ಫಾರ್ಮಲ್ಲಿ ಸುಳ್ಳು ಬರೀಬೇಡಿ, ಊರಲ್ಲೇ ಡಾಕ್ಟರ್ ಹತ್ರ ಕೇಳ್ಕೊಂಡು ಹೋಗಿ. ಆಮೇಲೆ ಡೈವ್ ಮಾಡಿ ಕನಿಷ್ಠ 18 ಗಂಟೆ ಫ್ಲೈಟ್ ಹತ್ಬಾರ್ದು. ನೀರಿನ ಕೆಳಗೆ ಒತ್ತಡಕ್ಕೆ ನೈಟ್ರೋಜನ್ ರಕ್ತದಲ್ಲಿ ಕರಗಿರುತ್ತೆ, ವಿಮಾನದಲ್ಲಿ ಒತ್ತಡ ಕಮ್ಮಿ ಆದಾಗ ಸೋಡಾ ಬಾಟ್ಲಿ ಓಪನ್ ಮಾಡ್ದಂಗೆ ಗುಳ್ಳೆ ಏಳುತ್ತೆ. ಅದಕ್ಕೇ ಡೈವಿಂಗ್ ಹ್ಯಾವ್ಲಾಕಿನ ಎರಡನೇ ದಿನಕ್ಕೆ ಇಡಿ. ಉಂಗುರ, ಹೊಸ ಸರ ರೂಮಲ್ಲೇ ಇಟ್ಟು ಹೋಗಿ, ನೀರಲ್ಲಿ ಜಾರಿದ್ರೆ ಸಿಗಲ್ಲ, ಅತ್ತೆಗೆ ಉತ್ತರ ಹೇಳೋದು ಬೇರೆ.

ನನಗೆ ಎಲ್ಲಕ್ಕಿಂತ ಇಷ್ಟ ರಾತ್ರಿ ಕಯಾಕಿಂಗ್, ಅಂದ್ರೆ ಸಣ್ಣ ದೋಣಿಲಿ ಹೋಗೋದು. ಮ್ಯಾಂಗ್ರೋವ್, ಅಂದ್ರೆ ಉಪ್ಪುನೀರಲ್ಲಿ ಬೆಳೆಯೋ ಕಾಡಿನ ಒಳಗೆ ಹುಟ್ಟು ಹಾಕಿದಾಗ ನೀರು ನೀಲಿಯಾಗಿ ಮಿನುಗುತ್ತೆ, ನೀರು ಅಲುಗಾಡಿದಾಗ ಅದ್ರಲ್ಲಿರೋ ಸಣ್ಣ ಜೀವಿಗಳು ಬೆಳಕು ಬಿಡ್ತವೆ. ಆದ್ರೆ ಹುಣ್ಣಿಮೆಗೆ ಹೋದ್ರೆ ದಂಡ, ಚಂದ್ರ ಇಲ್ದೇ ಇರೋ ರಾತ್ರಿ ಬೇಕು. ಅಮಾವಾಸ್ಯೆ ದಿನ ಮನೆ ಬಿಟ್ಟು ಹೊರಡ್ಬೇಡಿ ಅಂತ ಮನೇಲಿ ಹೇಳ್ತಾರಲ್ಲ, ಸರಿ, ಹೊರಡ್ಬೇಡಿ, ಎರಡು ದಿನ ಮುಂಚೆನೇ ಹೊರಡಿ, ಅಮಾವಾಸ್ಯೆಗೆ ಹ್ಯಾವ್ಲಾಕಲ್ಲಿರಿ. ಮುಹೂರ್ತಕ್ಕೆ ಪಂಚಾಂಗ ನೋಡ್ದಂಗೆ ಇದಕ್ಕೂ ನೋಡಿ.

ಬಾರಾಟಾಂಗ್ ದ್ವೀಪಕ್ಕೆ ಟ್ರಿಪ್ ಅಂತ ಪ್ಯಾಕೇಜಲ್ಲಿ ಹಾಕ್ತಾರೆ, ನಾನಂತೂ ಬೇಡ ಅಂತೀನಿ. ಸುಣ್ಣದಕಲ್ಲಿನ ಗುಹೆ ನೋಡೋಕೆ ಅಂತ ರಾತ್ರಿ ಮೂರಕ್ಕೆ ಎದ್ದು, ಜಾರವಾ ಅನ್ನೋ ಆದಿವಾಸಿ ಜನ ಇರೋ ಮೀಸಲು ಕಾಡಿನ ಮಧ್ಯೆ ಕಾನ್ವಾಯಲ್ಲಿ, ಅಂದ್ರೆ ಎಲ್ಲಾ ಗಾಡಿಗಳೂ ಒಟ್ಟಿಗೆ ಸಾಲಾಗಿ ಹೋಗ್ಬೇಕು. ಅವರ ಫೋಟೋ ತೆಗೆಯೋದು ಅಪರಾಧ, ಆದ್ರೂ ಎಷ್ಟೋ ಜನ ಹೋಗೋದೇ ಅವರನ್ನ ಇಣುಕಿ ನೋಡೋಕೆ. ಅದ್ರ ಬದ್ಲು ನೀಲಲ್ಲಿ ಸೈಕಲ್ ತಗೊಂಡು ತಿರುಗಿ, ಭರತ್‌ಪುರ್, ಲಕ್ಷ್ಮಣ್‌ಪುರ್, ಸೀತಾಪುರ್ ಅಂತ ಬೀಚ್‌ಗಳು, ಮಧ್ಯೆ ಗದ್ದೆ, ತೋಟ, ಆರಾಮು.

ಪ್ಯಾಕೇಜಿನ "ಹನಿಮೂನ್ ಸ್ಪೆಷಲ್" ಅಂದ್ರೆ ಬೆಡ್ ಮೇಲೆ ಹೂವು, ಒಂದು ಕೇಕು, ಒಂದು ಕ್ಯಾಂಡಲ್ ಲೈಟ್ ಡಿನ್ನರು. ಆ ದುಡ್ಡಲ್ಲಿ ಇನ್ನೊಂದು ರಾತ್ರಿ ಬರುತ್ತಾ ಅಂತ ಲೆಕ್ಕ ಹಾಕಿ. ಹ್ಯಾವ್ಲಾಕಲ್ಲಿ ಎಟಿಎಂ ಕಮ್ಮಿ, ನೆಟ್‌ವರ್ಕ್ ಯಾವಾಗ ಬೇಕಾದ್ರೂ ಕೈ ಕೊಡುತ್ತೆ, ಕ್ಯಾಶ್ ಇಟ್ಕೊಳ್ಳಿ. ಹವಳ, ಚಿಪ್ಪು ಬೀಚಿಂದ ಎತ್ಕೊಂಡ್ ಬರ್ಬೇಡಿ, ಏರ್‌ಪೋರ್ಟ್ ಸ್ಕ್ಯಾನಿಂಗಲ್ಲಿ ಸಿಕ್ಕಾಕೊಳ್ತೀರ.

ಹಾಂ, ಟಿಕೆಟಲ್ಲಿ ಹೆಸರು! ಮದುವೆ ಆಗೋದು ಗ್ಯಾರಂಟಿ ಅಂತ ಹುಡುಗಿ ಹೆಸರಿನ ಮುಂದೆ ಗಂಡನ ಹೆಸರು ಸೇರಿಸಿ ಫ್ಲೈಟ್ ಬುಕ್ ಮಾಡ್ತಾರೆ, ಆಧಾರಲ್ಲಿ ಇನ್ನೂ ಅಪ್ಪನ ಹೆಸರೇ ಇರುತ್ತೆ. ಆಧಾರಲ್ಲಿ ಏನಿದೆಯೋ ಅದನ್ನೇ ಫ್ಲೈಟ್‌ಗೂ ಫೆರಿಗೂ ಹಾಕಿ. ನಿಮ್ಮ ಮದುವೆ ಯಾವ ತಿಂಗಳು ಅಂತ ಕಾಮೆಂಟಲ್ಲಿ ಹಾಕಿ, ಆ ಟೈಮಲ್ಲಿ ಅಲ್ಲಿ ಸಮುದ್ರ ಹೆಂಗಿರುತ್ತೆ ಅಂತ ಒಬ್ಬೊಬ್ರಿಗೂ ರಿಪ್ಲೈ ಮಾಡ್ತೀನಿ.