ಮಗುವಿನ ತೂಕ ಮತ್ತು ಅದು ಉಸಿರಾಡೋ ಗಾಳಿ

ಕೇಳುಗರಿಗೆಲ್ಲ ನಮಸ್ಕಾರ.

ಮಗು ಸ್ವಲ್ಪ ದಪ್ಪ ಆದ್ರೆ ಸಾಕು, ನಾವೆಲ್ಲ ಮೊದಲು ನೋಡೋದು ಅದರ ತಟ್ಟೆ ಕಡೆಗೆ. ಎಷ್ಟು ತಿಂತು, ಯಾಕೆ ಓಡಾಡಲ್ಲ, ಹೊತ್ತಿಲ್ಲ ಗೊತ್ತಿಲ್ಲ ಮೊಬೈಲ್ ಹಿಡ್ಕೊಂಡು ಕೂತಿರುತ್ತೆ ಅಂತ ಬೈತೀವಿ, ಆಮೇಲೆ ಆ ಬೈಗುಳ ನಿಧಾನಕ್ಕೆ ತಾಯಿ ಕಡೆ ತಿರುಗುತ್ತೆ. ಊಟ, ಆಟ, ನಿದ್ದೆ ಎಲ್ಲ ಮುಖ್ಯಾನೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಮಗು ಊಟ ಮಾಡೋದು ದಿನಕ್ಕೆ ಮೂರ್ನಾಲ್ಕು ಸಲ, ಉಸಿರಾಡೋದು ಹಗಲೂ ರಾತ್ರಿ. ಆ ಉಸಿರಿನ ಜೊತೆ ಏನು ಒಳಗೆ ಹೋಗ್ತಿದೆ ಅಂತ ಕೇಳೋರು ಕಡಿಮೆ.

ಹೊಗೆಯಲ್ಲಿರೋ ಪಿಎಂ 2.5 ಅನ್ನೋ ಕಣ ಎಷ್ಟು ಸಣ್ಣದು ಅಂದ್ರೆ ಒಂದು ತಲೆಕೂದಲಿನ ದಪ್ಪದಲ್ಲಿ ಸುಮಾರು 30ರಲ್ಲಿ ಒಂದು ಪಾಲು ಅಷ್ಟೇ, ಮೂಗು ಅದನ್ನ ತಡೆಯಕ್ಕಾಗಲ್ಲ, ನೇರ ಶ್ವಾಸಕೋಶದ ತಳಕ್ಕೆ ಇಳಿಯುತ್ತೆ, ತೀರಾ ಸಣ್ಣವು ರಕ್ತಕ್ಕೂ ಸೇರ್ತವೆ. ಹುಟ್ಟಿದ ಕೂಸು ನಿಮಿಷಕ್ಕೆ ಸುಮಾರು 40 ಸಲ ಉಸಿರಾಡುತ್ತೆ, ದೊಡ್ಡವರು 12ರಿಂದ 20 ಸಲ. ಅಂದ್ರೆ ಮೈತೂಕಕ್ಕೆ ಹೋಲಿಸಿದ್ರೆ ಮಕ್ಕಳು ನಮಗಿಂತ ಜಾಸ್ತಿ ಗಾಳಿ ಎಳ್ಕೋತಾರೆ. ಇನ್ನೊಂದು ವಿಷಯ, ಸಿಗ್ನಲ್ ಹತ್ರ ಅಮ್ಮನ ಕೈ ಹಿಡಿದು ನಿಂತಿರೋ ಎರಡು ವರ್ಷದ ಮಗೂನ ಗಮನಿಸಿ, ಅದರ ಮುಖ ನಮ್ಮ ಮುಖಕ್ಕಿಂತ ಗಾಡಿ ಸೈಲೆನ್ಸರ್‌ಗೆ ಎಷ್ಟೋ ಹತ್ತಿರ ಇರುತ್ತೆ.

ಸರಿ, ಇದಕ್ಕೂ ತೂಕಕ್ಕೂ ಏನು ಸಂಬಂಧ? ನ್ಯೂಯಾರ್ಕ್‌ನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದವರು ಸಿಗರೇಟ್ ಸೇದದ ಗರ್ಭಿಣಿಯರಿಗೆ ಕೊನೆಯ ಮೂರು ತಿಂಗಳಲ್ಲಿ ಎರಡು ದಿನದ ಮಟ್ಟಿಗೆ ಒಂದು ಬ್ಯಾಗ್ ಕೊಟ್ರು. ಅದರೊಳಗೆ ಗಾಳಿ ಎಳ್ಕೊಂಡು ಸೋಸೋ ಸಣ್ಣ ಮಷೀನು. ಹಗಲು ಬೆನ್ನಿಗೆ ಹಾಕ್ಕೊಂಡು ಓಡಾಡೋದು, ರಾತ್ರಿ ಹಾಸಿಗೆ ಪಕ್ಕ ಇಟ್ಕೊಂಡು ಮಲಗೋದು. ಡೀಸೆಲ್ಲು, ಕಲ್ಲಿದ್ದಲು, ತಂಬಾಕು ಇಂಥದ್ದೆಲ್ಲ ಸುಟ್ಟಾಗ ಬರೋ ಪಿಎಎಚ್ ಅನ್ನೋ ರಾಸಾಯನಿಕ ಅವರ ಉಸಿರಿಗೆ ಎಷ್ಟು ಸಿಗ್ತಿದೆ ಅಂತ ಅಳೆದ್ರು, ಆಮೇಲೆ ಹುಟ್ಟಿದ ಮಕ್ಕಳನ್ನ ವರ್ಷಗಟ್ಟಲೆ ನೋಡ್ತಾ ಬಂದ್ರು. 2012ರಲ್ಲಿ ಫಲಿತಾಂಶ ಬಂತು. ಅತಿ ಹೆಚ್ಚು ಹೊಗೆ ಉಸಿರಾಡಿದ ತಾಯಂದಿರ ಮಕ್ಕಳಲ್ಲಿ ಬೊಜ್ಜು ಬರೋ ಸಾಧ್ಯತೆ, ಅತಿ ಕಡಿಮೆ ಉಸಿರಾಡಿದವರ ಮಕ್ಕಳಿಗಿಂತ, 5 ವರ್ಷಕ್ಕೆ ಹತ್ತಿರ ಹತ್ತಿರ ಎರಡರಷ್ಟು, 7 ವರ್ಷಕ್ಕೆ ಎರಡರಷ್ಟಕ್ಕಿಂತ ಜಾಸ್ತಿ ಇತ್ತು. ಆ ಮಕ್ಕಳು ಇನ್ನೂ ಒಂದು ತುತ್ತೂ ತಿಂದಿರಲಿಲ್ಲ ರೀ, ಹೊಟ್ಟೆಯೊಳಗಿದ್ವು. ಇದನ್ನ ಓದಿದ ಮೇಲೆ ದಪ್ಪಗಿರೋ ಮಗೂನ ತಿಂಡಿಪೋತ ಅಂತ ರೇಗಿಸೋದು ಕೇಳಿದ್ರೆ ನನಗೆ ನಿಜವಾಗ್ಲೂ ಸಂಕಟ ಆಗುತ್ತೆ.

ಬೀಜಿಂಗ್‌ನಲ್ಲಿ ಇಲಿಗಳ ಮೇಲೂ ಒಂದು ಪ್ರಯೋಗ ಆಯ್ತು, 2016ರಲ್ಲಿ ಅದರ ವರದಿ ಬಂತು. ಗರ್ಭಿಣಿ ಇಲಿಗಳಲ್ಲಿ ಅರ್ಧಕ್ಕೆ ಊರಿನ ಗಾಳಿ, ಅರ್ಧಕ್ಕೆ ಸೋಸಿದ ಗಾಳಿ, ತಿನ್ನೋಕೆ ಎಲ್ಲಕ್ಕೂ ಒಂದೇ ಆಹಾರ. 19 ದಿನದ ಮೇಲೆ ನೋಡಿದ್ರೆ ಕೊಳಕು ಗಾಳಿಯಲ್ಲಿದ್ದ ಇಲಿಗಳ ಕೆಟ್ಟ ಕೊಲೆಸ್ಟ್ರಾಲ್ 50 ಪರ್ಸೆಂಟ್ ಜಾಸ್ತಿ, ಶ್ವಾಸಕೋಶದಲ್ಲಿ ಉರಿಯೂತ, ಮರಿಗಳೂ ಬೆಳೀತಾ ಬೆಳೀತಾ ಹೆಚ್ಚು ತೂಕ ಹಾಕಿದ್ವು. ದೇಹದೊಳಗೆ ಈ ಉರಿಯೂತ ಶುರುವಾದ್ರೆ ಇನ್ಸುಲಿನ್ ಕೆಲಸ ಏರುಪೇರಾಗುತ್ತೆ, ಕೊಬ್ಬು ಕರಗೋದು ನಿಧಾನ ಆಗಬಹುದು ಅಂತ ವಿಜ್ಞಾನಿಗಳು ಹೇಳ್ತಾರೆ.

ವಿಚಿತ್ರ ಏನಂದ್ರೆ ಇದೇ ಗಾಳಿ ಹುಟ್ಟುವಾಗ ತೂಕ ಕಡಿಮೆ ಮಾಡೋಕೂ ಕಾರಣ ಆಗಬಹುದು. ತಾಯಿ ಉಸಿರಾಡೋ ಕಣಗಳು ಜಾಸ್ತಿ ಇರೋ ಕಡೆ ಎರಡೂವರೆ ಕೆಜಿಗಿಂತ ಕಡಿಮೆ ತೂಕದ ಕೂಸುಗಳು ಜಾಸ್ತಿ ಅಂತ ಬೇಕಾದಷ್ಟು ಅಧ್ಯಯನಗಳು ತೋರಿಸಿವೆ. ಹಾಗೆ ಸಣ್ಣಗೆ ಹುಟ್ಟಿ ಆಮೇಲೆ ಗಬಗಬ ಅಂತ ತೂಕ ಏರಿಸ್ಕೊಂಡ ಮಕ್ಕಳಿಗೆ ಮುಂದೆ ಬೊಜ್ಜಿನ ಅಪಾಯ ಹೆಚ್ಚು.

ಆದ್ರೆ ಒಂದು ಮಾತು, ಗಾಳಿಯಿಂದಲೇ ಮಗು ದಪ್ಪ ಆಯ್ತು ಅಂತ ಯಾರೂ ಸಾಬೀತು ಮಾಡಿಲ್ಲ. ದೊಡ್ಡ ರಸ್ತೆ ಪಕ್ಕ ಬಾಡಿಗೆ ಕಡಿಮೆ ಅಂತ ಇರೋ ಮನೆಯವರಿಗೆ ಆಟದ ಮೈದಾನವೂ ಇರಲ್ಲ, ಒಳ್ಳೆ ಊಟಕ್ಕೆ ದುಡ್ಡೂ ಸಾಲಲ್ಲ, ಇದರಲ್ಲಿ ಯಾವುದರ ಪಾಲು ಎಷ್ಟು ಅಂತ ಬಿಡಿಸೋದು ಕಷ್ಟ. ಭಾರತ, ಗ್ವಾಟೆಮಾಲಾ, ಪೆರು, ರುವಾಂಡಾ ನಾಲ್ಕು ದೇಶದಲ್ಲಿ ಗರ್ಭಿಣಿಯರಿಗೆ ಸೌದೆ ಒಲೆ ಬಿಡಿಸಿ ಗ್ಯಾಸ್ ಒಲೆ ಕೊಟ್ಟು ನೋಡಿದ್ರು, ಹೊಗೆ ಚೆನ್ನಾಗೇ ಇಳೀತು, ಮಗು ಹುಟ್ಟಿದಾಗಿನ ತೂಕದಲ್ಲಿ ಮಾತ್ರ ಹೇಳಿಕೊಳ್ಳೋ ವ್ಯತ್ಯಾಸ ಬರಲಿಲ್ಲ. ಅದಕ್ಕೇ ನಾನು ಆಗಿಂದ 'ಬಹುದು' 'ಬಹುದು' ಅಂತಿರೋದು.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 2.5 ವರ್ಷದ ಸರಾಸರಿ ಒಂದು ಘನ ಮೀಟರ್‌ ಗಾಳಿಗೆ 5 ಮೈಕ್ರೋಗ್ರಾಂ ದಾಟಬಾರದು ಅಂತು. ಜಗತ್ತಿನ 99 ಪರ್ಸೆಂಟ್ ಜನ ಉಸಿರಾಡೋ ಗಾಳಿ ಆ ಸಂಸ್ಥೆ ಹಾಕಿರೋ ಮಿತಿಗಳನ್ನ ಮೀರಿದೆ. ಇದು ಒಬ್ಬ ತಾಯಿ ಕೈಲಿ ಸರಿ ಮಾಡೋ ವಿಷಯ ಅಲ್ಲ, ಬಸ್ಸು, ಕಾರ್ಖಾನೆ, ಕಸ ಸುಡೋದು ಎಲ್ಲದರ ಮೇಲೂ ಸರ್ಕಾರಗಳು ಕೈ ಇಡಬೇಕು. ಹಾಗಂತ ಮಕ್ಕಳ ಆಟ ಮಾತ್ರ ನಿಲ್ಲಿಸಬೇಡಿ, ಟ್ರಾಫಿಕ್ ಇಲ್ಲದ ಒಳರಸ್ತೆಯಲ್ಲಿ ಕರ್ಕೊಂಡು ಹೋಗಿ, ಮನೆಯೊಳಗೆ ಯಾರೂ ಸಿಗರೇಟ್ ಹಚ್ಚದ ಹಾಗೆ ನೋಡ್ಕೊಳ್ಳಿ, ಅಡುಗೆ ಮಾಡುವಾಗ ಕಿಟಕಿ ತೆಗೀರಿ. ಇನ್ನು ಸ್ಕೂಲ್ ಬಿಡೋ ಹೊತ್ತಿಗೆ ಗೇಟ್ ಮುಂದೆ ಸಾಲಾಗಿ ನಿಂತಿರೋ ಗಾಡಿಗಳು, ಎಸಿಗೋಸ್ಕರ ಎಂಜಿನ್ ಆನ್ ಇರುತ್ತೆ, ಮಕ್ಕಳು ಬ್ಯಾಗ್ ಹಾಕ್ಕೊಂಡು ಅದರ ಹಿಂದೇನೇ ನಿಂತಿರ್ತಾರೆ. ನಾಳೆ ನೀವು ಕರ್ಕೊಂಡು ಬರೋಕೆ ಹೋದಾಗ ದಯವಿಟ್ಟು ಕೀ ತಿರುಗಿಸಿ ಎಂಜಿನ್ ಆಫ್ ಮಾಡಿ, ಪಕ್ಕದ ಗಾಡಿಯವರಿಗೂ ಒಂದು ಮಾತು ಹೇಳಿ.

ನಮಸ್ಕಾರ.