ಸದ್ದಿಲ್ಲದ ನೆಲಕ್ಕೂ ಕಿವಿಗೊಡಬೇಕು

ಕೇಳುಗರೆಲ್ಲರಿಗೂ ನಮಸ್ಕಾರ.

ಕಿಲ್ಲಾರಿ ಎಂಬ ಊರಿನ ಹೆಸರು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಊರು. ನಮ್ಮ ಬೀದರ್, ಕಲಬುರಗಿ ಕಡೆಯವರಿಗೆ ಅದೇನು ದೂರದ ಜಾಗವಲ್ಲ. 1993ರ ಸೆಪ್ಟೆಂಬರ್ 30. ಬೆಳಗಿನ ಜಾವ ನಾಲ್ಕು ಗಂಟೆ ಆಗಲು ಇನ್ನೂ ಕೆಲವು ನಿಮಿಷ ಇತ್ತು. ಜನ ಗಣಪತಿ ಬಿಟ್ಟು ಬಂದು ಮಲಗಿದ್ದರು. ನೆಲ ನಡುಗಿತು. ಅಲ್ಲಿಯ ಮನೆಗಳೆಲ್ಲ ಹೆಚ್ಚಾಗಿ ಕಲ್ಲು ಮತ್ತು ಮಣ್ಣಿನ ದಪ್ಪ ಗೋಡೆಯವು, ಮೇಲೆ ಭಾರದ ಮಣ್ಣಿನ ಮಾಳಿಗೆ. ಆ ಮಾಳಿಗೆಗಳು ಮಲಗಿದ್ದವರ ಮೇಲೇ ಕುಸಿದವು. ಸುಮಾರು 10,000 ಜನ ಸತ್ತರು. ಭೂಕಂಪದ ಪ್ರಮಾಣ 6.2. ಹಿಮಾಲಯದ ಲೆಕ್ಕದಲ್ಲಿ ನೋಡಿದರೆ ಇದು ದೊಡ್ಡದೇನೂ ಅಲ್ಲ.

ಆಗ ನಮ್ಮ ದೇಶದ ಭೂಕಂಪ ನಕ್ಷೆಯಲ್ಲಿ ಐದು ವಲಯಗಳಿದ್ದವು. 5ನೇ ವಲಯದಲ್ಲಿ ಅಪಾಯ ಎಲ್ಲಕ್ಕಿಂತ ಜಾಸ್ತಿ. 1ನೇ ವಲಯದಲ್ಲಿ ಎಲ್ಲಕ್ಕಿಂತ ಕಡಿಮೆ. ಕಿಲ್ಲಾರಿ ಇದ್ದದ್ದು 1ನೇ ವಲಯದಲ್ಲಿ.

ಹೀಗಾಗಿದ್ದು ಅದೇ ಮೊದಲಲ್ಲ. 1962ರಲ್ಲಿ ಬಂದ ಮೊದಲ ನಕ್ಷೆಯಲ್ಲಿ ಸೊನ್ನೆ ಎಂಬ ವಲಯವೂ ಇತ್ತು. 1967ರ ಡಿಸೆಂಬರ್ 11ರಂದು ಕೊಯ್ನಾ ಅಣೆಕಟ್ಟಿನ ಹತ್ತಿರ ಭೂಕಂಪ ಆಯಿತು. ಪ್ರಮಾಣ 6ಕ್ಕಿಂತ ಜಾಸ್ತಿ, ಸತ್ತವರು 180ರ ಆಸುಪಾಸು. ದಕ್ಷಿಣದ ನೆಲ ಗಟ್ಟಿ ಬಂಡೆ, ಅಲ್ಲಾಡೋದಿಲ್ಲ ಎಂಬ ನಂಬಿಕೆಗೆ ಅಲ್ಲಿ ಪೆಟ್ಟು ಬಿತ್ತು. 1970ರ ನಕ್ಷೆಯಲ್ಲಿ ಸೊನ್ನೆ ವಲಯ ಹೋಯಿತು. ಕಿಲ್ಲಾರಿ ಆದಮೇಲೆ, 2002ರ ಪರಿಷ್ಕರಣೆಯಲ್ಲಿ, 1ನೇ ವಲಯವನ್ನೂ ತೆಗೆದು 2ನೆಯದಕ್ಕೆ ಸೇರಿಸಿದರು. ಎರಡು ಸಲವೂ ನೆಲ ಮೊದಲು ನಡುಗಿತು, ನಕ್ಷೆ ಆಮೇಲೆ ಬದಲಾಯಿತು.

ನಕ್ಷೆ ಬರೆದವರನ್ನು ದೂರಲು ಈ ಮಾತು ಹೇಳುತ್ತಿಲ್ಲ. ಅವರ ಕೈಯಲ್ಲಿ ಇದ್ದ ದಾಖಲೆಯೇ ಅಷ್ಟು. ಉಪಕರಣ ಇಟ್ಟು ಭೂಕಂಪ ಅಳೆಯೋದು ನಮ್ಮಲ್ಲಿ ಶುರುವಾದದ್ದು 1898ರಲ್ಲಿ, ಕಲ್ಕತ್ತಾದ ಅಲಿಪುರದಲ್ಲಿ. ಅದಕ್ಕೂ ಹಿಂದಿನ ವರ್ಷ, 1897ರ ಜೂನ್ 12ರಂದು, ಶಿಲ್ಲಾಂಗ್ ಸೀಮೆಯಲ್ಲಿ ಭಾರಿ ಭೂಕಂಪ ಆಗಿತ್ತು. ಅಂದರೆ ನಮ್ಮ ಅಳತೆಯ ಇತಿಹಾಸ ಒಂದೂಕಾಲು ಶತಮಾನದ್ದು. ಭೂಕಂಪ ಆಗುವುದು ನೆಲದೊಳಗಿನ ಬಿರುಕು ಜಾರಿದಾಗ. ದಕ್ಷಿಣದ ಹಳೆಯ ಬಂಡೆನೆಲದಲ್ಲಿ ಒಂದೇ ಬಿರುಕು ಎರಡನೇ ಸಲ ಜೋರಾಗಿ ಜಾರಲು ಸಾವಿರಾರು ವರ್ಷ ಬೇಕಾಗಬಹುದು. ನೂರು ಚಿಲ್ಲರೆ ವರ್ಷದ ದಾಖಲೆಯಲ್ಲಿ ಅಂಥ ಬಿರುಕು ಕಾಣಿಸದೇ ಇದ್ದರೆ, ಅದು ಇಲ್ಲ ಅಂತ ಅರ್ಥ ಆಗುತ್ತಾ?

ಹಾಗಾಗಿ, ಸುಮ್ನಿರುವ ಪ್ರದೇಶಕ್ಕೂ ಉಪಕರಣ ಬೇಕು ಎಂಬುದು ನನ್ನ ಮಾತು. ಭೂಕಂಪ ಪದೇ ಪದೇ ಆಗುವ ಕಡೆ ಅಳತೆಗೆ ಹಣ ಕೇಳಿದರೆ ಯಾರೂ ಬೇಡ ಅನ್ನೋದಿಲ್ಲ. ಹತ್ತಾರು ವರ್ಷ ಏನೂ ಆಗದ ಜಿಲ್ಲೆಯಲ್ಲಿ ಒಂದು ಕೇಂದ್ರ ನಡೆಸಿಕೊಂಡು ಹೋಗಬೇಕು ಅಂದಾಗಲೇ ಕಷ್ಟ.

ಅಂಥ ಕೇಂದ್ರ ಹೇಗಿರುತ್ತೆ ಅಂತ ಸ್ವಲ್ಪ ನೋಡೋಣ. ದೊಡ್ಡ ಕಟ್ಟಡವೇನೂ ಇರುವುದಿಲ್ಲ. ಊರು, ಹೆದ್ದಾರಿ, ರೈಲು ಹಳಿ, ಕ್ವಾರಿ ಇವೆಲ್ಲದರಿಂದ ದೂರದ ಜಾಗ ಹುಡುಕುತ್ತಾರೆ. ಗಾಳಿಗೆ ಮರ ಅಲ್ಲಾಡಿದರೂ ಬೇರಿನ ಮೂಲಕ ನೆಲಕ್ಕೆ ಅದರ ನಡುಕ ಹೋಗುತ್ತದೆ, ಅದಕ್ಕೆ ದೊಡ್ಡ ಮರವೂ ಪಕ್ಕದಲ್ಲಿ ಇರಬಾರದು. ಮಣ್ಣು ತೆಗೆದು ಬಂಡೆ ಸಿಗುವವರೆಗೆ ಹೋಗಿ, ಆ ಬಂಡೆಯ ಮೇಲೆ ಉಪಕರಣ ಕೂರಿಸುತ್ತಾರೆ. ಬಿಸಿಲು, ಚಳಿ ತಟ್ಟದ ಹಾಗೆ ಸುತ್ತ ಮುಚ್ಚುತ್ತಾರೆ. ಅದು ನೆಲದ ಅಲುಗಾಟವನ್ನು ಮೂರು ದಿಕ್ಕಿನಲ್ಲಿ ಅಳೆಯುತ್ತದೆ: ಮೇಲೆ-ಕೆಳಗೆ, ಉತ್ತರ-ದಕ್ಷಿಣ, ಪೂರ್ವ-ಪಶ್ಚಿಮ. ಪಕ್ಕದಲ್ಲಿ ಜಿಪಿಎಸ್ ಇರುತ್ತದೆ. ಅದರ ಮುಖ್ಯ ಕೆಲಸ ಸರಿಯಾದ ಸಮಯ ಹೇಳುವುದು. ಈ ಕೆಲಸದಲ್ಲಿ ಗಡಿಯಾರ ಒಂದು ಸೆಕೆಂಡ್ ತಪ್ಪಿದರೂ ಭೂಕಂಪದ ಜಾಗ ಹಲವು ಕಿಲೋಮೀಟರ್ ಆಚೆ ಹೋಗಿಬಿಡುತ್ತದೆ.

ಯಾಕೆ ಅಂದರೆ, ದೂರ ಲೆಕ್ಕ ಹಾಕುವುದೇ ಸಮಯದಿಂದ. ಭೂಕಂಪ ಆದಾಗ ಎರಡು ಬಗೆಯ ಅಲೆಗಳು ಬಂಡೆಯೊಳಗೆ ಹೊರಡುತ್ತವೆ. ಮೊದಲನೆಯದು ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಓಡುತ್ತದೆ. ಎರಡನೆಯದು ಸುಮಾರು ಮೂರೂವರೆ ಕಿಲೋಮೀಟರ್. ಮಿಂಚು ಕಂಡಮೇಲೆ ಗುಡುಗು ಕೇಳುವವರೆಗೆ ಎಣಿಸಿ ಸಿಡಿಲು ಎಷ್ಟು ದೂರ ಅಂತ ಅಂದಾಜು ಮಾಡುತ್ತೇವಲ್ಲ, ಹಾಗೇ ಇದು. ಎರಡು ಅಲೆಗಳ ನಡುವೆ ಎಷ್ಟು ಸೆಕೆಂಡ್ ಅಂತರ ಇದೆಯೋ, ಅದನ್ನು ಎಂಟರಿಂದ ಗುಣಿಸಿದರೆ ಹೆಚ್ಚುಕಡಿಮೆ ದೂರ ಸಿಗುತ್ತದೆ. ಅಂತರ 10 ಸೆಕೆಂಡ್ ಇದ್ದರೆ 80 ಕಿಲೋಮೀಟರ್. ಯಾವ ದಿಕ್ಕಿಗೆ? ಒಂದೇ ಕೇಂದ್ರದ ದೂರದಿಂದ ಅದು ಗೊತ್ತಾಗದು. ಆ ಕೇಂದ್ರದ ಸುತ್ತ 80 ಕಿಲೋಮೀಟರಿನ ಒಂದು ವೃತ್ತ ಎಳೆಯಬಹುದು, ಅಷ್ಟೇ. ಮೂರು ಕೇಂದ್ರಗಳ ವೃತ್ತ ಎಳೆದಾಗ ಅವು ಕೂಡುವ ಜಾಗ ಭೂಕಂಪದ್ದು. ಈಗ ಇದನ್ನೆಲ್ಲ ಕಂಪ್ಯೂಟರ್ ಕೆಲವೇ ನಿಮಿಷದಲ್ಲಿ ಮಾಡುತ್ತದೆ. ಆದರೆ ಕಂಪ್ಯೂಟರಿಗೂ ಕೇಂದ್ರಗಳು ಬೇಕಲ್ಲ. ಕೇಂದ್ರಗಳೆಲ್ಲ ದೂರ ದೂರ ಇದ್ದರೆ ಸಣ್ಣ ನಡುಕ ಯಾವುದಕ್ಕೂ ತಲುಪುವುದೇ ಇಲ್ಲ. ಅದು ಲೆಕ್ಕಕ್ಕೆ ಸೇರದೆ ಹೋಗುತ್ತದೆ.

ಸಣ್ಣ ನಡುಕ ಲೆಕ್ಕಕ್ಕೆ ಬರಲೇಬೇಕು. ಪ್ರಮಾಣ ಒಂದು ಅಂಕಿ ಇಳಿದರೆ ಭೂಕಂಪಗಳ ಎಣಿಕೆ ಸುಮಾರು ಹತ್ತು ಪಟ್ಟು ಏರುತ್ತದೆ. ಒಂದು ಸೀಮೆಯಲ್ಲಿ ಪ್ರಮಾಣ 5 ಮುಟ್ಟಿದ ಒಂದು ಭೂಕಂಪ ಆಗುವಷ್ಟರಲ್ಲಿ 4 ಮುಟ್ಟಿದವು ಹತ್ತು, 3 ಮುಟ್ಟಿದವು ನೂರರಷ್ಟು ಆಗಿರುತ್ತವೆ. ಗುಟೆನ್‌ಬರ್ಗ್ ಮತ್ತು ರಿಕ್ಟರ್ ಎಂಬ ಇಬ್ಬರು ವಿಜ್ಞಾನಿಗಳು ಕಂಡುಕೊಂಡ ನಿಯಮ ಇದು. ಯಾವ ಪ್ರದೇಶದಲ್ಲಿ ಅಪಾಯ ಎಷ್ಟು ಅಂತ ಅಂದಾಜು ಮಾಡುವವರಿಗೆ ಈ ಸಣ್ಣವುಗಳೇ ಆಧಾರ. ದೊಡ್ಡದು ಬರುವವರೆಗೆ ಕಾಯುತ್ತಾ ಕೂತರೆ ಲೆಕ್ಕ ಮಾಡಲು ಯಾವ ಅಂಕಿಯೂ ಇರುವುದಿಲ್ಲ. ನೆಲದೊಳಗಿನ ಬಿರುಕು ಎಲ್ಲಿಂದ ಎಲ್ಲಿಗೆ ಹಾದಿದೆ, ಎಷ್ಟು ಆಳದಲ್ಲಿದೆ ಅಂತ ತೋರಿಸಿಕೊಡುವುದೂ ಈ ಸಣ್ಣ ನಡುಕಗಳೇ.

ಕಿಲ್ಲಾರಿಯ ಸುತ್ತ ಹಿಂದಿನ ವರ್ಷ, 1992ರಲ್ಲಿ, ಸಣ್ಣ ನಡುಕಗಳು ಮೇಲಿಂದ ಮೇಲೆ ಬಂದಿದ್ದವು. ಜನರಿಗೆ ಗೊತ್ತಾಗಿತ್ತು. ಅವನ್ನು ಹತ್ತಿರದಿಂದ ಅಳೆಯುವ ಕೇಂದ್ರಗಳ ಜಾಲ ಅಲ್ಲಿ ಇರಲಿಲ್ಲ. ಇದ್ದಿದ್ದರೆ ದಿನಾಂಕ ಹೇಳುತ್ತಿದ್ದರು ಎನ್ನಲಾರೆ. ಭೂಕಂಪ ಇಂಥ ದಿನ, ಇಂಥ ಹೊತ್ತಿಗೆ ಆಗುತ್ತದೆ ಎಂದು ಹೇಳುವ ವಿದ್ಯೆ ಇವತ್ತಿಗೂ ಯಾರ ಬಳಿಯೂ ಇಲ್ಲ. ವಾಟ್ಸಾಪಿನಲ್ಲಿ ಅಂಥ ಸಂದೇಶ ಬಂದರೆ ಅದು ಸುಳ್ಳು, ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಆದರೆ ಅಲ್ಲಿ ಜಾಲ ಇದ್ದಿದ್ದರೆ, ಆ ನೆಲದಡಿ ಜೀವಂತ ಬಿರುಕೊಂದು ಇದೆ ಎನ್ನುವುದು ದಾಖಲೆಗೆ ಬರುತ್ತಿತ್ತು.

ಆ ದುರಂತದ ನಂತರ ದಕ್ಷಿಣದ ನೆಲದ ಮೇಲೆ ಹೊಸ, ಸೂಕ್ಷ್ಮ ಉಪಕರಣಗಳು ಬಂದವು. ಅದರ ಫಲ ಬೇಗನೆ ಕಂಡಿತು. 1997ರ ಮೇ 22ರಂದು ಜಬಲ್‌ಪುರದಲ್ಲಿ 5.8 ಪ್ರಮಾಣದ ಭೂಕಂಪ ಆಯಿತು. ಹೊಸ ಕೇಂದ್ರಗಳು ಅದನ್ನು ಚೆನ್ನಾಗಿ ಹಿಡಿದವು. ಅದು ಹುಟ್ಟಿದ್ದು ಸುಮಾರು 35 ಕಿಲೋಮೀಟರ್ ಆಳದಲ್ಲಿ ಎಂದು ತಿಳಿಯಿತು. ಕಿಲ್ಲಾರಿಯದು ಹತ್ತು ಕಿಲೋಮೀಟರಿಗಿಂತ ಮೇಲೇ ಹುಟ್ಟಿತ್ತು. ಎರಡೂ ನಡುನಾಡಿನ ಹಳೆಯ ನೆಲದಲ್ಲೇ ಆದವು, ಆಳದಲ್ಲಿ ಮಾತ್ರ ಇಷ್ಟು ವ್ಯತ್ಯಾಸ. ದಕ್ಷಿಣ, ನಡುನಾಡು ಎಲ್ಲ ಒಂದೇ ಥರದ ನೆಲ ಅಂತ ಒಟ್ಟಾರೆಯಾಗಿ ಹೇಳುವ ಹಾಗಿಲ್ಲ ಎಂದು ಆ ದಾಖಲೆಗಳೇ ತೋರಿಸಿದವು.

ಹಿಮಾಲಯದ ಕತೆ ಬೇರೆ. ಭಾರತದ ಭೂಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಉತ್ತರಕ್ಕೆ ಸರಿಯುತ್ತಿದೆ. ಅದರಲ್ಲಿ 2 ಸೆಂಟಿಮೀಟರಿನಷ್ಟು ಒತ್ತಡವನ್ನು ಹಿಮಾಲಯವೇ ತಾಳಿಕೊಳ್ಳುತ್ತದೆ. 1905ರಲ್ಲಿ ಕಾಂಗ್ಡಾ, 1934ರಲ್ಲಿ ಬಿಹಾರ ಮತ್ತು ನೇಪಾಳ, 1950ರ ಆಗಸ್ಟ್ 15ರಂದು ಅಸ್ಸಾಂ, 2015ರಲ್ಲಿ ಮತ್ತೆ ನೇಪಾಳ. ಅಲ್ಲಿ ಬೇಕಾದದ್ದು ಬಿರುಕಿನ ಯಾವ ತುಣುಕು ಬಹಳ ಕಾಲದಿಂದ ಜಾರಿಲ್ಲ ಎಂಬ ಲೆಕ್ಕ, ಜೊತೆಗೆ ಕೆಲವು ಸೆಕೆಂಡ್ ಮೊದಲಾದರೂ ಎಚ್ಚರಿಸುವ ವ್ಯವಸ್ಥೆ. ಉತ್ತರಾಖಂಡದಲ್ಲಿ ಐಐಟಿ ರೂರ್ಕಿ ಸೇರಿ ಮಾಡಿದ ಎಚ್ಚರಿಕೆ ಆ್ಯಪ್ 2021ರಲ್ಲಿ ಬಂತು. ಭೂಕಂಪ ಆದ ಜಾಗದ ಹತ್ತಿರದ ಉಪಕರಣ ಮೊದಲ ಅಲೆಯನ್ನು ಹಿಡಿದು, ದೂರದ ಊರಿಗೆ ಜೋರಾದ ಅಲೆ ತಲುಪುವ ಮೊದಲೇ ಮೊಬೈಲಿಗೆ ಸುದ್ದಿ ಕಳಿಸುವುದು ಅದರ ಕೆಲಸ.

ಕೊಯ್ನಾದ್ದು ಇನ್ನೊಂದು ಬಗೆ. ಜಲಾಶಯ ತುಂಬಲು ಶುರುವಾದದ್ದು 1960ರ ದಶಕದ ಮೊದಲಲ್ಲಿ. ಆಮೇಲೆ ಶುರುವಾದ ನಡುಕಗಳು ಇವತ್ತಿಗೂ ನಿಂತಿಲ್ಲ. ಎಲ್ಲವೂ ಸುಮಾರು 30 ಕಿಲೋಮೀಟರ್ ಉದ್ದ, 20 ಕಿಲೋಮೀಟರ್ ಅಗಲದ ಪುಟ್ಟ ಜಾಗದಲ್ಲೇ ಆಗುತ್ತವೆ. ನೀರಿನ ಮಟ್ಟ ಏರಿ ಇಳಿಯುವುದಕ್ಕೂ ಅವಕ್ಕೂ ನಂಟಿದೆ. ಅಲ್ಲಿ ವಿಜ್ಞಾನಿಗಳು 3 ಕಿಲೋಮೀಟರ್ ಆಳದ ಬೋರ್ ಕೊರೆದು, ಬಂಡೆಯ ಒಳಗನ್ನೇ ನೋಡಲು ಹೊರಟಿದ್ದಾರೆ.

ಇನ್ನು ನಮ್ಮ ನಾಡಿನ ಮಾತು. 2002ರ ನಕ್ಷೆಯಲ್ಲಿ ಕರ್ನಾಟಕ 2 ಮತ್ತು 3ನೇ ವಲಯದಲ್ಲಿ ಬರುತ್ತದೆ. 2021ರ ಅಕ್ಟೋಬರ್ ಹೊತ್ತಿಗೆ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದಲ್ಲಿ ನೆಲದಿಂದ ಸದ್ದು ಕೇಳಿ, ನಡುಕವೂ ಬಂದು, ಜನ ಮನೆ ಬಿಟ್ಟು ಹೊರಗೆ ಇದ್ದದ್ದು ನೆನಪಿದೆಯಾ? ಮಳೆಗಾಲದ ನೀರು ಬಂಡೆಯ ಬಿರುಕಿಗೆ ಇಳಿದು ಒತ್ತಡ ಹೆಚ್ಚಾಗಿ ಇಂಥ ಸರಣಿ ನಡುಕ ಬರುತ್ತದೆ ಎಂದು ತಜ್ಞರು ವಿವರಿಸಿದರು. ಮೇಲುಮಟ್ಟದಲ್ಲಿ ಆಗುವ ಸಣ್ಣ ನಡುಕಗಳಿಗೆ ಸದ್ದು ಜಾಸ್ತಿ. ಜನ ಹೆದರುವುದೂ ಆ ಸದ್ದಿಗೇ. ಹೆಚ್ಚಿನ ಸರಣಿಗಳು ತಾವಾಗಿ ತಣ್ಣಗಾಗುತ್ತವೆ. ಹಾಗಂತ ಹೆದರಬೇಡಿ ಎಂದಷ್ಟೇ ಹೇಳಿ ಸುಮ್ಮನಾಗುವುದು ಸರಿಯಲ್ಲ. ಅಂಥ ಊರಿನ ಸುತ್ತ ತಾತ್ಕಾಲಿಕವಾಗಿಯಾದರೂ ನಾಲ್ಕಾರು ಉಪಕರಣ ಇಟ್ಟು ಅಳೆಯಬೇಕು, ಅಳೆದದ್ದನ್ನು ಊರಿನವರಿಗೆ ಅವರ ಮಾತಿನಲ್ಲೇ ತಿಳಿಸಬೇಕು. ರಾತ್ರಿ ಮಕ್ಕಳನ್ನು ಕಟ್ಟಿಕೊಂಡು ಬಯಲಿನಲ್ಲಿ ಮಲಗುವವರಿಗೆ ಅಷ್ಟು ತಿಳಿಯುವ ಹಕ್ಕಿದೆ.

ಗೌರಿಬಿದನೂರಿನ ಹೆಸರು ಹೇಳದೆ ಮುಂದೆ ಹೋಗಲಾರೆ. 1960ರ ದಶಕದಿಂದ ಅಲ್ಲಿ ಭಾಭಾ ಅಣುಸಂಶೋಧನಾ ಕೇಂದ್ರದ ಭೂಕಂಪ ಉಪಕರಣಗಳ ಸಾಲು ಇದೆ. ಎಲ್ ಆಕಾರದಲ್ಲಿ ಎರಡು ಕಡೆಗೆ ಕಿಲೋಮೀಟರ್‌ಗಟ್ಟಲೆ ಹಬ್ಬಿದೆ. ಅಲ್ಲಿಯ ಬಂಡೆ ಗಟ್ಟಿ, ನೆಲದ ಗದ್ದಲ ಕಡಿಮೆ. ಬೇರೆ ದೇಶಗಳಲ್ಲಿ ನೆಲದಡಿ ನಡೆಸಿದ ಅಣು ಪರೀಕ್ಷೆಯನ್ನು ಭೂಕಂಪದಿಂದ ಬೇರ್ಪಡಿಸಿ ಗುರುತಿಸುವುದು ಅದರ ಮುಖ್ಯ ಕೆಲಸ. ನಮ್ಮ ಜಿಲ್ಲೆಗಳ ಅಳತೆಗೂ ಇದೇ ಜಾಣತನ ಬೇಕು. ಕ್ವಾರಿ ಸ್ಫೋಟವೂ ನೆಲ ಅಲ್ಲಾಡಿಸುತ್ತದೆ. ಸ್ಫೋಟ ಸುತ್ತಲಿನ ನೆಲವನ್ನು ಎಲ್ಲ ಕಡೆಗೂ ಹೊರಕ್ಕೆ ತಳ್ಳುತ್ತದೆ. ಬಿರುಕು ಜಾರಿದಾಗ ಒಂದು ಕಡೆ ತಳ್ಳಿ ಇನ್ನೊಂದು ಕಡೆ ಎಳೆಯುತ್ತದೆ. ಮೊದಲ ಅಲೆ ಮೇಲಕ್ಕೆ ಬಂತೋ ಕೆಳಕ್ಕೆ ಹೋಯಿತೋ ಎಂದು ಹಲವು ಕೇಂದ್ರಗಳಲ್ಲಿ ನೋಡಿ ಇದನ್ನು ಹೇಳುತ್ತಾರೆ. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡಿನಲ್ಲಿ ಜಿಲೆಟಿನ್ ಸ್ಫೋಟವಾದ ರಾತ್ರಿ, ದೂರದ ಊರುಗಳವರೂ ಭೂಕಂಪ ಎಂದೇ ಹೊರಗೆ ಓಡಿ ಬಂದಿದ್ದರು.

ದೇಶದ ಲೆಕ್ಕವನ್ನೆಲ್ಲ ಒಂದು ಕಡೆ ಸೇರಿಸುವುದು ದೆಹಲಿಯ ರಾಷ್ಟ್ರೀಯ ಭೂಕಂಪ ವಿಜ್ಞಾನ ಕೇಂದ್ರ. ಅದರ ಜಾಲದಲ್ಲಿ 150ಕ್ಕೂ ಹೆಚ್ಚು ಕೇಂದ್ರಗಳಿವೆ. ಇಷ್ಟು ದೊಡ್ಡ ದೇಶಕ್ಕೆ ಅದು ಸಾಲದು ಎಂಬುದು ನನ್ನ ಅಭಿಪ್ರಾಯ.

ವಲಯದ ನಕ್ಷೆ ಒಂದು ವಿಷಯವನ್ನು ಹೇಳುವುದೇ ಇಲ್ಲ. ನಿಮ್ಮ ಕಾಲಡಿಯ ಮಣ್ಣು ಎಂಥದ್ದು ಅಂತ. 2001ರ ಜನವರಿ 26ರಂದು ಭುಜ್ ಬಳಿ ಭೂಕಂಪ ಆದಾಗ, 200 ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಬಹುಮಹಡಿ ಕಟ್ಟಡಗಳು ಬಿದ್ದವು. ಕಟ್ಟಿದ ರೀತಿಯೂ ಕಾರಣ, ಕೆಳಗಿನ ಮೆತ್ತನೆ ಮಣ್ಣೂ ಕಾರಣ. ಬಂಡೆಯ ಮೇಲೆ ಸಣ್ಣದಾಗಿದ್ದ ಅಲುಗಾಟ ಮೆತ್ತನೆ ಮಣ್ಣಿನಲ್ಲಿ ಜೋರಾಗುತ್ತದೆ. ಕೆರೆ ಮುಚ್ಚಿ ಬಡಾವಣೆ ಮಾಡಿದ ಕಡೆ ಇದನ್ನು ವಿಶೇಷವಾಗಿ ನೋಡಬೇಕು. ಒಂದು ನಗರದ ಮಣ್ಣನ್ನು ವಾರ್ಡ್ ವಾರ್ಡಿಗೂ ಪರೀಕ್ಷಿಸಿ ನಕ್ಷೆ ಮಾಡುವ ಕೆಲಸ ದೆಹಲಿ, ಬೆಂಗಳೂರಿನಂಥ ಕಡೆ ನಡೆದಿದೆ. ಮನೆ ಕಟ್ಟುವಾಗ ಮಣ್ಣಿನ ಪರೀಕ್ಷೆ ಮಾಡಿಸಿ ಅಂತ ಎಂಜಿನಿಯರ್ ಹೇಳಿದರೆ, ಅದನ್ನು ದಂಡದ ಖರ್ಚು ಅಂದುಕೊಳ್ಳಬೇಡಿ.

ಈ ಅಳತೆಯಲ್ಲಿ ನಿಮಗೂ ಪಾಲಿದೆ. ಉಪಕರಣ ಇಲ್ಲದ ಊರಿನಲ್ಲಿ ಆ ನಡುಕಕ್ಕೆ ಸಾಕ್ಷಿ ನೀವೇ. ನಡುಕ ಬಂದರೆ ಮೊದಲು ಜೋಪಾನವಾಗಿರಿ. ಆಮೇಲೆ ಗಡಿಯಾರ ನೋಡಿ ಸಮಯ ಬರೆದಿಡಿ. ಎಷ್ಟು ಸೆಕೆಂಡ್ ಇತ್ತು, ಸದ್ದು ಮೊದಲು ಬಂತೋ ನಡುಕ ಮೊದಲೋ, ಪಾತ್ರೆ ಬಿತ್ತೋ, ಗೋಡೆ ಬಿರುಕು ಬಿಟ್ಟಿತೋ, ಮಲಗಿದ್ದವರು ಎದ್ದರೋ, ಇಷ್ಟು ಸಾಕು. ರಾಷ್ಟ್ರೀಯ ಕೇಂದ್ರದ ಭೂಕಂಪ್ ಎಂಬ ಆ್ಯಪಿನಲ್ಲಿ ಇದನ್ನು ತಿಳಿಸಬಹುದು. ಮೊಬೈಲ್ ಇಲ್ಲದವರು ತಹಶೀಲ್ದಾರ್ ಕಚೇರಿಗೆ ಬರೆದು ಕೊಡಿ. ಏನೂ ಹಾನಿ ಆಗಿಲ್ಲವಲ್ಲ, ಯಾಕೆ ಹೇಳೋದು ಅಂತ ಬಿಡಬೇಡಿ. ಹಾನಿ ಮಾಡದ ನಡುಕದ ವಿವರವೇ ನಮ್ಮ ದಾಖಲೆಯಲ್ಲಿ ಎಲ್ಲಕ್ಕಿಂತ ಕಡಿಮೆ ಇರುವುದು.

ನಮಸ್ಕಾರ.